ಗಟ್ಟಿ ಎಂದರೆ

ಕಾಂಕ್ರೀಟಿನೊಳಗೆ ಸದ್ದು ಇನ್ನೂ ತೂಕಡಿಸುತ್ತಲೇ ನಡೆಯುತ್ತಿತ್ತು. ಹೊಸ ಛಾವಣಿಯ ಮೇಲೆ, ಒದ್ದೆ ಗೋಣಿಚೀಲಗಳ ನಡುವೆ ಕುಳಿತ ಪರೀಕ್ಷಕಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಲೋಕ ಮರೆತಿದ್ದಳು. ಕಾಂಕ್ರೀಟನ್ನು ಕೊರೆಯದೆ, ಒಡೆಯದೆ, ಒಂದು ಕಡೆಯಿಂದ ಸದ್ದು ಬಿಟ್ಟು ಇನ್ನೊಂದು ಕಡೆ ಹಿಡಿಯುವ ಯಂತ್ರ ಅವಳದು. ಒಳಗೆ ಹಸಿಯಿದ್ದರೆ ಸದ್ದು ಕಾಲೆಳೆದುಕೊಂಡು ಬರುತ್ತದೆ. ಗಟ್ಟಿಯಾದಂತೆಲ್ಲ ಓಡೋಡಿ ಬರುತ್ತದೆ.

ಅಂಗೈ ಊರಿದರೆ ಕಾಂಕ್ರೀಟು ಬೆಚ್ಚಗಿತ್ತು, ಸಣ್ಣ ಜ್ವರ ಬಂದ ಮಗುವಿನ ಬೆನ್ನಿನ ಹಾಗೆ. ಮೋಡದ ನೆರಳು ಛಾವಣಿಯ ಮೇಲೆ ಹಾದುಹೋದಾಗ ತೇಲುತ್ತಿರುವುದು ಮೋಡವೋ ತಾನೋ ತಿಳಿಯಲಿಲ್ಲ. ಟುಕ್... ಟುಕ್... ಒಳಗೆ ಯಾರೋ ಬರಿಗಾಲಲ್ಲಿ ಬರುತ್ತಿದ್ದರು. ನಿಧಾನವಾಗಿಯೇ ಬರಲಿ ಎಂದುಕೊಂಡಳು. ಯಂತ್ರ ಹೂಂ ಅಂದರೆ ಕೆಳಗೆ ಆಸರೆಗೆ ಕೊಟ್ಟ ಕಂಬ ಬಿಚ್ಚುತ್ತಾರೆ. ಕಂಬ ಬಿಚ್ಚಿದರೆ ಗಂಡನಿಗೆ ಇಲ್ಲಿ ಕೆಲಸವಿಲ್ಲ.

ಗಂಡ ಸೆಂಟ್ರಿಂಗ್ ಮೇಸ್ತ್ರಿ. ಈ ಛಾವಣಿ ಹೊತ್ತ ಕಂಬಗಳೆಲ್ಲ ಅವನು ನಿಲ್ಲಿಸಿದವು. ನಿನ್ನೆ ಮಾತಿಗೆ ಮಾತು ಬೆಳೆದು, "ಈ ಕೆಲ್ಸ ಮುಗೀಲಿ, ಆಮೇಲೆ ನಿನ್ ದಾರಿ ನಿಂಗೆ, ನನ್ ದಾರಿ ನಂಗೆ" ಎಂದುಬಿಟ್ಟಿದ್ದ. ಇವಳೇನು ಕಡಿಮೆಯೇ? "ಧಾರಾಳವಾಗಿ" ಎಂದಿದ್ದಳು. ಊರವರ ಕಾಂಕ್ರೀಟಿನ ಹೊಟ್ಟೆಯೊಳಗಿನದನ್ನು ಕೂತಲ್ಲೇ ಹೇಳುವ ಈ ಜಾಣೆಗೆ, ಮನೆಯ ಗಂಡಸಿನ ಹೊಟ್ಟೆಯೊಳಗೆ ಏನಿದೆ ಎಂದು ಮಾತ್ರ ಗೊತ್ತಾಗಿರಲಿಲ್ಲ.

ಕೆಳಗಿನಿಂದ ಏನೋ ಕೇಳಿಸಿತು. ಮುನಿಸಿಕೊಂಡವನ ದನಿ, ಗಂಟಲು ದಾಟಿದ್ದೇ ಹೆಚ್ಚು.

"ಗಟ್ಟಿ!" ಎಂದಳು ಒಂದು ಕಿವಿ ಬಿಡಿಸಿಕೊಂಡು.

ಗಟ್ಟಿಯಾಗಿ ಹೇಳಿ ಎಂದು ಅವಳ ಅರ್ಥ. ಅವನಿಗಾಗಿ ಇನ್ನೊಂದು ಪದ ಖರ್ಚು ಮಾಡಲು ಮನಸ್ಸಿರಲಿಲ್ಲ. ಅವನು ಕೇಳಿದ್ದು, ಕಾಂಕ್ರೀಟು ಹೇಗಿದೆ ಎಂದು. ಉತ್ತರ ಸಿಕ್ಕಿತಲ್ಲ! ಮತ್ತೊಮ್ಮೆ ಕೇಳಲು ಅವನ ಬಿಗುಮಾನವೂ ಬಿಡಲಿಲ್ಲ.

ಇಯರ್‌ಫೋನಿನಲ್ಲಿ ಢಣ್ ಎಂದಿತು. ಕಂಬದ ಬುಡದ ಬೆಣೆಗೆ ಬಿದ್ದ ಸುತ್ತಿಗೆ ಏಟು. ಇಯರ್‌ಫೋನ್ ಕಿತ್ತು ಎದ್ದಳು. ಕಂಬ ಸರಿದರೆ ಹಸಿ ಛಾವಣಿ ನೇರ ಅವನ ತಲೆಯ ಮೇಲೆ! ಮೆಟ್ಟಿಲಿಗೆಂದು ಬಿಟ್ಟಿದ್ದ ಕಿಂಡಿಯಲ್ಲಿ ಬಗ್ಗಿ ನೋಡಿದಳು. ಬೆಣೆ ಕಳಚಿ ವಾಲಿದ ಕಂಬವನ್ನು ಅವನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದ.

"ಅಯ್ಯೋ, ಇನ್ನೂ ಹಸಿ ರೀ! ಕೈ ಬಿಡ್ಬೇಡಿ! ದಮ್ಮಯ್ಯ, ಕೈ ಬಿಡ್ಬೇಡಿ!"

ಅವನು ಭುಜ ಕೊಟ್ಟು ಕಂಬವನ್ನು ನೆಟ್ಟಗೆ ಮಾಡಿದ. ಬೆಣೆಯನ್ನು ಕಾಲಲ್ಲೇ ಹತ್ತಿರ ಎಳೆದು, ಒದ್ದು ಕೂರಿಸಿದ. ಛಾವಣಿ ಮಿಸುಕಲಿಲ್ಲ. ಆಮೇಲೂ ಕಂಬವನ್ನು ಹಿಡಿದೇ ನಿಂತಿದ್ದ. ಕಿಂಡಿಯ ಬಿಸಿಲಲ್ಲಿ ಸಿಮೆಂಟಿನ ಧೂಳು ಯಾವ ಅವಸರವೂ ಇಲ್ಲದೆ ಇಳಿಯುತ್ತಿತ್ತು. ಅವನು ತಲೆಯೆತ್ತಿ ಅವಳನ್ನು ನೋಡಿದ.

"ಕೈ ಬಿಡ್ಬೇಡಿ ಅಂದಿದ್ದು ಕಂಬಾನಾ?" ಎಂದು ಕೇಳಿದ.

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಕಂಬಾನೂ," ಎಂದಳು.