ಗಂಜಿ ಕಲಸಿದ ಮರಳು

ಪೆರುವಿನಲ್ಲಿ ಇಂಕಾ ಜನರ ಮೆಟ್ಟಿಲುಗದ್ದೆಗಳನ್ನು ನೋಡುತ್ತ ನಿಂತಿದ್ದೇನೆ. ಮೇಲಿನಿಂದ ಯಾರೋ ಕಾಲುವೆಗೆ ನೀರು ಬಿಟ್ಟಿದ್ದಾರೆ, ಒದ್ದೆ ಮಣ್ಣಿನ ವಾಸನೆ ದೋಹಾದ ಒಂದು ಶುಕ್ರವಾರದ ಮಧ್ಯಾಹ್ನವನ್ನು ಎದುರಿಗೆ ತಂದು ನಿಲ್ಲಿಸಿದೆ.

ತೊಂಬತ್ತರ ದಶಕ, ನಾನಾಗ ಐದನೇ ಕ್ಲಾಸು. ಇದೇ ಗದ್ದೆಗಳ ಮಾದರಿ ಮಾಡಿ ತರಲು ಶಾಲೆಯಲ್ಲಿ ಹೇಳಿದ್ದರು. ಐನ್ ಖಾಲಿದ್ ಬಡಾವಣೆಯ ನಮ್ಮ ಮನೆಯಂಗಳದ ಮರಳು ಎಷ್ಟು ತಟ್ಟಿದರೂ ಜಾರಿ ಬೀಳುತ್ತಿತ್ತು. ಅಮ್ಮ ಕುಚ್ಚಲಕ್ಕಿ ಗಂಜಿಯ ತಿಳಿ ತಂದು ಸುರಿದಳು. ಮರಳು ಅಂಟಂಟಾಗಿ ನಿಂತಿತು.

"ಪಕ್ಕದ್ಮನೆ ಶೆಟ್ರು ಊರಿಗೆ ಹೋಗ್ಲಿಕ್ಕೆ ನಾಲ್ಕಕ್ಕೆ ಏರ್‌ಪೋರ್ಟಿಗೆ ಹೊರಡ್ತಾರೆ," ಎಂದು ಅಮ್ಮ ಅಪ್ಪನಿಗೆ ನೆನಪಿಸಿದಳು. "ಆ ಕಾಗದಕ್ಕೆ ಸೈನ್ ಹಾಕಿ ಕೊಟ್ಟುಬಿಡಿ." ಊರಿನ ಗದ್ದೆ ಮಾರಲು ಅಪ್ಪನ ಒಪ್ಪಿಗೆ ಕೇಳಿ ದೊಡ್ಡಪ್ಪ ಕಳಿಸಿದ್ದ ಕಾಗದ ಅದು.

ಅಪ್ಪ ಪೆನ್ನು ಹಿಡಿದೇ ಅಂಗಳಕ್ಕೆ ಬಂದರು. "ನೀರಿನ ದಾರಿ ನಡುವೆ ಇಡ್ಬಾರದು ಮಗಾ, ಬದು ಒಡೆದು ಹೋಗ್ತದೆ," ಎಂದು ಪೆನ್ನು ಜೇಬಿಗೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕುಳಿತರು. ಖರ್ಜೂರದ ಬೀಜಗಳನ್ನು ಒತ್ತೊತ್ತಾಗಿ ಜೋಡಿಸಿ ಬದು ಕಟ್ಟಿದರು, ಪ್ರತಿ ಹಂತದ ಮೂಲೆಯಲ್ಲೂ ಬೆರಳಿನಿಂದ ದಾರಿ ಬಿಟ್ಟರು. "ಮೇಲಿನದು ಬೆಟ್ಟು, ನಡುವಿನದು ಮಜಲು, ಕೆಳಗಿನದು ಬೈಲು. ನಮ್ಮ ಬೈಲಲ್ಲಿ ಮೂರು ಬೆಳೆ." ಚೊಂಬಿನ ನೀರು ಒಂದು ಬದುವನ್ನೂ ಕದಲಿಸದೆ ಮೆಲ್ಲಗೆ ಕೆಳಗಿಳಿಯಿತು.

ಹೊರಗೆ ಶೆಟ್ರ ಕಾರಿನ ಹಾರ್ನ್ ಕೇಳಿತು. ಅಮ್ಮ ಕಾಗದ ಹಿಡಿದು ಬಾಗಿಲಲ್ಲಿ ನಿಂತಳು.

"ಕೈಯೆಲ್ಲ ಮಣ್ಣು ಮಾರಾಯ್ತಿ," ಎಂದರು ಅಪ್ಪ, ತಲೆಯೆತ್ತದೆ. "ಅವರು ಹೋಗಲಿ."

ಸಂಜೆಯ ಬಾಂಗ್ ಕೇಳುವವರೆಗೂ ಅವರು ಕೈ ತೊಳೆಯಲಿಲ್ಲ.