ರೈಟರ್ ಬರೆದುಕೊಡದ ಕಾಗದ

ಹುಡುಗಿಯ ಮುಖ ನೋಡಿ ಕನಿಕರ ಬಂದುಬಿಟ್ಟರೆ? ಪವಿತ್ರಾಳಿಗಿದ್ದ ಅಂಜಿಕೆ ಅದೊಂದೇ. ಆದ್ದರಿಂದ ತಲೆ ಎತ್ತದೆ ಕೈ ಮಾತ್ರ ಚಾಚಿದಳು.

“ಆಧಾರ್ ಕೊಡಿ.”

ಕೊಟ್ಟವನು ಶಶಿಧರ. ಚೆಟ್ಟಳ್ಳಿ ಕಡೆಯ ಕಾಫಿ ತೋಟವೊಂದರ ರೈಟರ್. ಆಳುಗಳ ಹಾಜರಿ, ರಜೆ, ಕೂಲಿ ಎಲ್ಲ ಬರೆದಿಡುವ ಗುಮಾಸ್ತನನ್ನು ತೋಟಗಳಲ್ಲಿ ಕರೆಯುವುದೇ ಹಾಗೆ. ಪಕ್ಕದಲ್ಲಿ ಮಗಳು ಗಾನವಿ. ಹಿಂದಿನ ಬೆಂಚಿನಲ್ಲಿ ಹೆಂಡತಿ ಯಮುನ. ಗಾನವಿಗೆ ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಸ್ಕಾಲರ್‌ಶಿಪ್ ಬಾರದಿದ್ದರೆ ಸೀಟು ಬಿಡಬೇಕು. ಅರ್ಜಿ ಹಾಕಲು ಇವತ್ತೇ ಕೊನೆ. ಚೆಟ್ಟಳ್ಳಿಯಲ್ಲಿ ಬೆಳಗ್ಗಿನಿಂದ ಕರೆಂಟಿಲ್ಲವೆಂದು ನೆಲ್ಯಹುದಿಕೇರಿಯ ಈ ಸೈಬರ್ ಅಂಗಡಿಗೆ ಓಡಿಬಂದಿದ್ದರು.

ಅವನು ಪವಿತ್ರಾಳ ಗುರುತು ಹಿಡಿಯಲಿಲ್ಲ. ಅವಳು ಹಿಡಿದಿದ್ದಳು.

ಐದು ವರ್ಷದ ಹಿಂದೆ ಅಂಥದೇ ಸೀಟು ಪವಿತ್ರಾಳಿಗೂ ಸಿಕ್ಕಿತ್ತು. ಸ್ಕಾಲರ್‌ಶಿಪ್ ಅರ್ಜಿ ಮಾತ್ರ ವಾಪಸು ಬಂತು. ತಂದೆಯ ಹೆಸರು ತಾಳೆಯಾಗುತ್ತಿಲ್ಲ. ತಾಳೆಯಾಗುವುದಾದರೂ ಹೇಗೆ? ಒಂದನೇ ಕ್ಲಾಸಿಗೆ ಸೇರಿಸುವ ದಿನ ಮೇಷ್ಟ್ರು “ತಂದೆ ಹೆಸರೇನಮ್ಮ?” ಎಂದಿದ್ದಕ್ಕೆ ಅಮ್ಮ ಚಿನ್ನಿ “ರೈಟರ್” ಎಂದಿದ್ದಳು. ಅವರು ಹಾಗೇ ಬರೆದುಕೊಂಡರು. ಆಮೇಲೆ ಊರೆಲ್ಲ ನಕ್ಕಿತು. ತೋಟದ ಲೈನ್‌ಮನೆಗಳಲ್ಲಿರುವ ಕೂಲಿಯವರಿಗೆ ಯಾವ ಕಾಗದ ಬೇಕಾದರೂ ರೈಟರೇ ಬರೆದುಕೊಡಬೇಕು, ಪ್ರಶ್ನೆ ಅರ್ಥವಾಗದೆ ಬಾಯಿಗೆ ಬಂದದ್ದು ಹೇಳಿದ್ದಾಳೆ ಎಂದರು. ಚಿನ್ನಿ ನಗಲಿಲ್ಲ.

ಹೆಸರು ತಿದ್ದಿಸಲು ಹಳೇ ತೋಟದಿಂದ ಒಂದು ಕಾಗದ ಬೇಕಿತ್ತು. ಪವಿತ್ರಾ ಹುಟ್ಟುವ ಮೊದಲು ಚಿನ್ನಿ ದುಡಿಯುತ್ತಿದ್ದ ತೋಟ. ತಾಯಿ ಮಗಳು ಬಸ್ಸು ಹತ್ತಿ ಹೋದರು. ಚಿನ್ನಿಯನ್ನು ಕಂಡವನೇ ಶಶಿಧರ ಹಾಜರಿ ಪುಸ್ತಕದೊಳಗೆ ಮುಖ ಹಾಕಿದ. ಹಿಂದೆ ನಿಂತಿದ್ದ ಹುಡುಗಿಯತ್ತ ಒಮ್ಮೆಯೂ ತಿರುಗಲಿಲ್ಲ.

“ಕಂಡಕಂಡವರ ಮಕ್ಕಳಿಗೆಲ್ಲ ನಾನು ಬರೆದುಕೊಡ್ಲಿಕ್ಕೆ ಆಗುದಿಲ್ಲ. ಹೋಗಿ.”

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಾರಣ ಹೇಳಿದಳು. ಮತ್ತೆಂದೂ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಸೀಟು ಹೋಯಿತು. ಪವಿತ್ರಾ ರಜಾದಿನಗಳಲ್ಲಿ ಕಾಫಿ ಕೊಯ್ದು ವಿರಾಜಪೇಟೆಯಲ್ಲಿ ಬಿ.ಎ. ಮುಗಿಸಿದಳು. ಈಗ ಈ ಕುರ್ಚಿಯಲ್ಲಿ ಕೂತು ಊರ ಮಕ್ಕಳ ಅರ್ಜಿ ತುಂಬುತ್ತಾಳೆ.

“ಬೇಗ ಒತ್ತಮ್ಮ,” ಎಂದ ಶಶಿಧರ. “ಇದೆಂತ, ಕೋಳಿ ಕಾಳು ಹೆಕ್ಕಿದ ಹಾಗೆ?”

ಸರದಿಯಲ್ಲಿ ಕಾಯುತ್ತಿದ್ದ ನಿಂಗಮ್ಮನಿಗೆ ಸಿಟ್ಟು ಬಂತು. “ಸುಮ್ಕಿರಿ ಸಾರ್. ನಮ್ ಮೊಮ್ಮಗಂದು ಬೇರೆ ಕಡೆ ಹಾಕ್ಸಿ ಮೂರು ಸಲ ವಾಪಸ್ ಬಂತು. ಈ ಹುಡ್ಗಿ ಕೈಲಿ ಒಂದಕ್ಷರ ತಪ್ಪಲ್ಲ ಕಣ್ರೀ.”

ತಪ್ಪಿಸುವುದು ಎಷ್ಟು ಸುಲಭ ಎಂಬುದು ಆ ಹುಡುಗಿಗೆ ಮಾತ್ರ ಗೊತ್ತಿತ್ತು. ಗಾನವಿಯ ಕಾಲೇಜು ಪ್ರವೇಶ ಸಂಖ್ಯೆ ಮೂರರಲ್ಲಿ ಮುಗಿಯುತ್ತಿತ್ತು. ಪವಿತ್ರಾ ಎಂಟು ಒತ್ತಿದಳು. ಇವತ್ತು ಯಾರ ಕಣ್ಣಿಗೂ ಬೀಳದು. ತಿಂಗಳು ಕಳೆದು ಕಾಲೇಜಿನವರು ತಾಳೆ ನೋಡುವಾಗ ಅರ್ಜಿ ಬಿದ್ದುಹೋಗುತ್ತದೆ. ಆಗ ಎಷ್ಟು ಬಾಗಿಲು ತಟ್ಟಿದರೂ ತೆರೆಯುವುದಿಲ್ಲ.

“ಅಕ್ಕ, ನೀರು ಕುಡೀತೀರಾ?” ಗಾನವಿ ಬಾಟಲಿ ಚಾಚಿದಳು. “ನೀವು ಊಟಕ್ಕೂ ಎದ್ದಿಲ್ಲ ಅಂತ ಕಾಣ್ತದೆ.”

ಪವಿತ್ರಾ ಬೇಡವೆಂದು ತಲೆಯಾಡಿಸಿದಳು. ಎಂಟು ಹಾಗೇ ಇತ್ತು.

“ಇದು ಸಿಗ್ತದಲ್ವಾ ಅಕ್ಕ? ಸಿಕ್ಕಿದ್ರೆ ಮಾತ್ರ ಕಳಿಸುದು ಅಂದಿದ್ದಾರೆ ಅಪ್ಪ.”

“ಸಿಗದೆ ಎಂತ?” ಶಶಿಧರ ಫೈಲು ತಟ್ಟಿದ. “ನಮ್ಮ ಕಾಗದ ಎಲ್ಲ ಕರೆಕ್ಟ್ ಉಂಟು. ಲೈನಿನವರ ಹಾಗಲ್ಲ. ಅವರದ್ದರಲ್ಲಿ ಅಪ್ಪನ ಹೆಸರೂ ಸರಿ ಇರುದಿಲ್ಲ.”

ಕೀಲಿಗಳ ಮೇಲೆ ಬೆರಳು ನಿಂತಿತು. ಕನಿಕರದ ಅಂಜಿಕೆ ಅಲ್ಲಿಗೆ ಮುಗಿಯಿತು.

ಕೊನೆಯ ಪುಟ ತೆರೆಯಿತು. ಕುಟುಂಬದ ವಿವರ.

“ತಂದೆಗೆ ಒಟ್ಟು ಎಷ್ಟು ಮಕ್ಕಳು?” ಪವಿತ್ರಾ ಓದಿದಳು.

“ಒಬ್ಬಳೇ.”

“ನೋಡಿ ಹೇಳಿ ಸಾರ್. ಕೆಳಗೆ ನೀವೇ ಸಹಿ ಮಾಡುದು.”

“ನನಗೆ ಎಷ್ಟು ಮಕ್ಕಳು ಅಂತ ನಿನ್ನ ಹತ್ರ ಕೇಳ್ಬೇಕಾ ನಾನು? ಒಬ್ಬಳೇ. ಒತ್ತು.”

ಬೆಂಚಿನಿಂದ ಯಮುನ ನಕ್ಕಳು. “ಈ ಒಬ್ಬಳನ್ನ ಸಾಕುವಾಗಲೇ ಸಾಕಾಯ್ತು ಮಾರಾಯ್ತಿ, ಇನ್ನೊಬ್ಬಳು ಎಲ್ಲಿಂದ?” ನಿಂಗಮ್ಮನೂ ನಕ್ಕಳು. ಅಂಗಡಿಯೇ ನಕ್ಕಿತು.

ಪವಿತ್ರಾ ಹಿಂದಿನ ಪುಟಕ್ಕೆ ಹೋದಳು. ಎಂಟನ್ನು ಅಳಿಸಿ ಮೂರು ಒತ್ತಿದಳು. ಹುಡುಗಿ ಮೈಸೂರಿಗೆ ಹೋಗಲಿ. ಏಟು ಬೀಳಬೇಕಾದ ಜಾಗ ಅದಲ್ಲ.

ಮತ್ತೆ ಕೊನೆಯ ಪುಟಕ್ಕೆ ಬಂದು ಖಾಲಿ ಚೌಕದಲ್ಲಿ ಒಂದು ಅಂಕಿ ಹಾಕಿದಳು. ಪರದೆಯನ್ನು ಯಮುನಳ ಕಡೆಗೆ ತಿರುಗಿಸಿದಳು.

“ಇದೆಂತ, ಎರಡು ಅಂತ ಉಂಟಲ್ಲ?” ಯಮುನ ಕಣ್ಣು ಕಿರಿದು ಮಾಡಿದಳು.

“ತಪ್ಪು ಒತ್ತಿದ್ದಾಳೆ. ಕತ್ತೆ ಹಾಗೆ ಕೂತಿದ್ದಾಳೆ ನೋಡು,” ಶಶಿಧರ ರೇಗಿದ. “ತಿದ್ದು ಅದನ್ನ!”

ಪವಿತ್ರಾ ತಲೆ ಎತ್ತಿದಳು. ಸರದಿಯ ಕೊನೆಯವರೆಗೂ ಕೇಳುವಂತೆ ಹೇಳಿದಳು.

“ತಪ್ಪಿಲ್ಲ. ನಾನು ಚಿನ್ನಿಯ ಮಗಳು. ನಿಮ್ಮ ಮೊದಲನೆಯವಳು.”