ಒಂಬತ್ತನೇ ಕುರ್ಚಿ

"ಬಾಗಿಲು ಹಾಕಿಬಿಡಲಾ?" ಎಂದು ಕೇಳಿದ ಮೇಡಂ, ಉತ್ತರಕ್ಕೂ ಕಾಯದೆ ಚಿಲಕ ಹಾಕಿಯೇಬಿಟ್ಟರು. ಆಸ್ಪತ್ರೆಯ ಪ್ರಾರ್ಥನಾ ಕೋಣೆಯಲ್ಲಿ ಎಂಟು ಕುರ್ಚಿ, ಎಂಟು ಜನ. ಎಲ್ಲರೂ ತಮ್ಮವರೊಬ್ಬರನ್ನು ಕಳೆದುಕೊಂಡವರು. ಅವರಿಗೆ ಸಮಾಧಾನ ಹೇಳುವುದು ಮೇಡಂ ಕೆಲಸ.

ಈ ಗುಂಪು ಇನ್ನು ಮುಂದೆ ಹೇಗೆ ನಡೆಯಬೇಕೆಂದು ಅಂದು ಸಂಜೆಯೊಳಗೆ ದೊಡ್ಡ ಡಾಕ್ಟರಿಗೆ ಬರೆದುಕೊಡಬೇಕಿತ್ತು. ಯಾರು ಯಾವಾಗ ಬೇಕಾದರೂ ಬರಬಹುದೋ, ಇಲ್ಲ ಎಂಟು ವಾರವೂ ಅದೇ ಎಂಟು ಜನವೋ? ತಲೆ ಕೆಡಿಸಿಕೊಂಡು ಮೇಡಂ ಎರಡನೆಯದಕ್ಕೇ ಪೆನ್ಸಿಲಿನಲ್ಲಿ ಟಿಕ್ ಹಾಕಿಟ್ಟಿದ್ದರು. ಹೊಸ ಮುಖ ಕಂಡರೆ ಹಳಬರು ಬಾಯಿ ಬಿಡುವುದಿಲ್ಲ ಎಂಬುದು ಅವರ ಲೆಕ್ಕ. ಹೊಸಬರಿಲ್ಲದೆಯೂ ಹಳಬರು ಬಾಯಿ ಬಿಟ್ಟಿರಲಿಲ್ಲ, ಆ ಮಾತು ಬೇರೆ.

ಅದರಲ್ಲೂ ಮೂಲೆಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರು. "ಅಮ್ಮ ಹೋದ್ಮೇಲೆ ಅಪ್ಪ ಮಾತೇ ಬಿಟ್ಟಿದಾರೆ ಮೇಡಂ. ಒಂದೇ ಒಂದು ಮಾತಾಡ್ಸಿ, ಸಾಕು," ಎಂದು ಅವರ ಮಗಳು ಮೊದಲ ದಿನವೇ ಕೈಹಿಡಿದು ಕೇಳಿಕೊಂಡಿದ್ದಳು. ಇದು ಮೂರನೇ ವಾರ. ಮೇಡಂ ತಿಪ್ಪರಲಾಗ ಹಾಕಿದರೂ ಮನುಷ್ಯ ತುಟಿ ಪಿಟಕ್ಕೆಂದಿರಲಿಲ್ಲ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಮೇಡಂ ಕೊಂಚವೇ ತೆರೆದು ನೋಡಿದರು. ಏದುಸಿರು ಬಿಡುತ್ತ ನಿಂತಿದ್ದ ಹೆಂಗಸು ಟೈಲರ್ ಇರಬೇಕು, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಇಲ್ಲಿ ಕಷ್ಟ ಸುಖ ಹೇಳ್ಕೋಬಹುದಂತೆ. ನಮ್ಮಣ್ಣ ಹೋದ ವಾರ ತೀರ್ಕೊಂಡ."

ಮೇಡಂಗೆ ಅಯ್ಯೋ ಪಾಪ ಎನಿಸಿತು. ಆದರೂ, "ಈ ಗುಂಪು ತುಂಬಿದೆ ಕಣಮ್ಮ. ಇನ್ನೈದು ವಾರ ಬಿಟ್ಟು..." ಎಂದು ರಾಗ ಎಳೆದರು.

"ಒಳಗ್ ಬನ್ನಿ, ಒಳಗ್ ಬನ್ನಿ. ಜಾಗ ಇದೆ."

ಎಲ್ಲರೂ ತಿರುಗಿ ನೋಡಿದರು. ಕಂಡಕ್ಟರು ಎದ್ದು ನಿಂತಿದ್ದರು. "ಯಜಮಾನ್ರೇ, ನೀವು ಸ್ವಲ್ಪ ಸರ್ಕೊಳ್ಳಿ. ಅಕ್ಕ, ಬ್ಯಾಗು ತೊಡೆ ಮೇಲಿಟ್ಕೊಳ್ಳಿ. ಮೇಡಂ, ಬಾಗಿಲಲ್ಲಿ ನಿಲ್ಬೇಡಿ, ಹತ್ತೋರಿಗೆ ದಾರಿ ಬಿಡಿ."

ಮೇಡಂ ದಾರಿ ಬಿಟ್ಟರು. ಕಂಡಕ್ಟರು ತಾವೇ ಹೊರಗಿನಿಂದ ಒಂದು ಕುರ್ಚಿ ತಂದು ಟೈಲರಮ್ಮನನ್ನು ಕೂರಿಸಿದರು. ಯಾರೋ ಕಿಸಕ್ಕೆಂದರು. ನಗು ಕೋಣೆಯೆಲ್ಲ ಹಬ್ಬಿ, ಕಣ್ಣೊರೆಸಿಕೊಳ್ಳುತ್ತಿದ್ದ ಟೈಲರಮ್ಮನೂ ನಕ್ಕಳು.

ಕಂಡಕ್ಟರಿಗೆ ಈಗ ನಾಚಿಕೆಯಾಯಿತು. "ಮೂವತ್ತೈದು ವರ್ಷದ ಅಭ್ಯಾಸ ನೋಡಿ. ಮನೇಲಿ ನೆಂಟ್ರು ಬಂದ್ರೂ ಹೀಗೇ ಅಂತಿದ್ದೆ. ನನ್ನ ಹೆಂಡ್ತಿ ಬಿದ್ದು ಬಿದ್ದು ನಗ್ತಿದ್ಲು," ಎಂದರು. ಆಮೇಲೆ ಅವಳ ಬಗ್ಗೆ ಹೇಳಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

ಮೇಡಂಗೆ ಖುಷಿಯೋ ಖುಷಿ. ಹಾಳೆ ತೆಗೆದು ಟಿಕ್ ಅಳಿಸಿದರು. ಆದರೂ ಅಭ್ಯಾಸಬಲದಿಂದ ಕೈ ಚಿಲಕದತ್ತ ಹೋಯಿತು.

"ಇರ್ಲಿ ಬಿಡಿ ಮೇಡಂ," ಎಂದರು ಕಂಡಕ್ಟರು, ಕತೆಯ ಮಧ್ಯದಲ್ಲೇ. "ಮುಂದಿನ ಸ್ಟಾಪಲ್ಲಿ ಯಾರಾದ್ರೂ ಕಾಯ್ತಿರ್ತಾರೆ."